ಸಂಬಳದ ಮೇಲೆ ನಿಂತ ಬೊಕ್ಕಸ: ಜನಸಂಖ್ಯೆಗೆ ವಯಸ್ಸಾದಾಗ ತೆರಿಗೆಗೆ ಏನಾಗುತ್ತದೆ?

ಗೌರವಾನ್ವಿತ ಸಭಿಕರೇ,

ಜನಸಂಖ್ಯೆಗೆ ವಯಸ್ಸಾಗುತ್ತಿದೆ ಎಂಬ ಮಾತು ಬಂದೊಡನೆ ಚರ್ಚೆ ಸಾಮಾನ್ಯವಾಗಿ ಖರ್ಚಿನ ಕಡೆಗೇ ಹೊರಳುತ್ತದೆ. ಪಿಂಚಣಿಯ ಹೊರೆ ಎಷ್ಟಾದೀತು, ಆಸ್ಪತ್ರೆಗಳ ವೆಚ್ಚ ಎಷ್ಟು ಏರೀತು, ಇದನ್ನೆಲ್ಲ ಯಾರು ಭರಿಸಬೇಕು ಎಂದು ಕೇಳುತ್ತೇವೆ. ಇವು ಸಣ್ಣ ಪ್ರಶ್ನೆಗಳಲ್ಲ. ಆದರೆ ಬಜೆಟ್ಟಿನ ಇನ್ನೊಂದು ಭಾಗ, ಅಂದರೆ ಆದಾಯದ ಭಾಗ, ಅದೇ ಹೊತ್ತಿಗೆ ಅಷ್ಟೇ ಆಳವಾಗಿ ಬದಲಾಗುತ್ತಿರುತ್ತದೆ. ಸದ್ದಿಲ್ಲದೆ ಬದಲಾಗುವುದರಿಂದ ನಮ್ಮ ಗಮನ ಅತ್ತ ಹೋಗುವುದು ತಡವಾಗಿ. ನಾನು ಇಂದು ಹೇಳಹೊರಟಿರುವುದು ಮುಖ್ಯವಾಗಿ ಒಂದು ವಿಷಯ. ಕಳೆದ ಶತಮಾನದಲ್ಲಿ ರೂಪುಗೊಂಡ ಸಾಮಾಜಿಕ ಭದ್ರತೆಯ ವ್ಯವಸ್ಥೆಗಳು ಬಹುಮಟ್ಟಿಗೆ ದುಡಿಯುವವರ ಸಂಬಳದ ಮೇಲೆ ನಿಂತಿವೆ. ಆದ್ದರಿಂದ ಬೊಕ್ಕಸದ ಕಷ್ಟಕ್ಕೆ ವೃದ್ಧರ ಸಂಖ್ಯೆಯೊಂದೇ ಕಾರಣವಲ್ಲ. ಆ ವ್ಯವಸ್ಥೆಗಳ ಅಡಿಪಾಯ ಎಷ್ಟು ಕಿರಿದು ಎಂಬುದೂ ಅಷ್ಟೇ ದೊಡ್ಡ ಕಾರಣ.

ಮೊದಲು ಬದಲಾವಣೆಯ ಗಾತ್ರವನ್ನು ನೋಡೋಣ. ವಿಶ್ವಸಂಸ್ಥೆಯ 2022ರ ಅಂದಾಜಿನಂತೆ ಆಗ ಜಗತ್ತಿನ ಜನಸಂಖ್ಯೆಯಲ್ಲಿ 65 ದಾಟಿದವರು ಸುಮಾರು ಶೇ 10ರಷ್ಟಿದ್ದರು. 2050ರ ಹೊತ್ತಿಗೆ ಈ ಪಾಲು ಶೇ 16ಕ್ಕೆ ಏರಲಿದೆ. ಪ್ರಮಾಣಕ್ಕಿಂತಲೂ ಮುಖ್ಯವಾದದ್ದು ವೇಗ. ಫ್ರಾನ್ಸಿನಲ್ಲಿ 65 ದಾಟಿದವರ ಪಾಲು ಶೇ 7ರಿಂದ ಶೇ 14ಕ್ಕೆ ಏರಲು ಸುಮಾರು 115 ವರ್ಷ ಹಿಡಿಯಿತು; ಜಪಾನಿನಲ್ಲಿ ಅದೇ ಏರಿಕೆ 1970ರಿಂದ 1994ರವರೆಗಿನ 24 ವರ್ಷಗಳಲ್ಲಿ ಮುಗಿದುಹೋಯಿತು. ಒಂದು ಶತಮಾನದ ಅವಕಾಶವಿದ್ದ ದೇಶ ತೆರಿಗೆಯ ನಿಯಮಗಳನ್ನು ಸಾವಕಾಶವಾಗಿ ತಿದ್ದಿಕೊಳ್ಳಬಹುದು. ಕಾಲು ಶತಮಾನವಷ್ಟೇ ಇದ್ದ ದೇಶದಲ್ಲಿ ನಿಯಮ ಬದಲಾಗುವ ಮೊದಲೇ ಅದರ ಆಧಾರವಾಗಿದ್ದ ಜನಸಂಖ್ಯೆ ಬದಲಾಗಿರುತ್ತದೆ.

ಜನಸಂಖ್ಯೆಗೆ ವಯಸ್ಸಾಗುವುದಕ್ಕೆ ಎರಡು ಕಾರಣಗಳಿವೆ: ಜನರು ಹೆಚ್ಚು ಕಾಲ ಬದುಕುವುದು ಮತ್ತು ಹುಟ್ಟುವ ಮಕ್ಕಳ ಸಂಖ್ಯೆ ಇಳಿಯುವುದು. ಬೊಕ್ಕಸದ ದೃಷ್ಟಿಯಿಂದ ಇವೆರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು. ಆಯುಷ್ಯ ಹೆಚ್ಚಿದಾಗ ಪಿಂಚಣಿ ಪಡೆಯುವ ವರ್ಷಗಳು ನೇರವಾಗಿ ಹೆಚ್ಚುತ್ತವೆ. ಲೆಕ್ಕ ಕೂಡಲೇ ಕಣ್ಣಿಗೆ ಬೀಳುತ್ತದೆ. ಜನನ ಪ್ರಮಾಣ ಇಳಿದಾಗ ಹಾಗಲ್ಲ. ಮೊದಲ ಎರಡು ಮೂರು ದಶಕ ಅದು ಬೊಕ್ಕಸಕ್ಕೆ ಲಾಭವನ್ನೇ ತರುತ್ತದೆ: ಶಾಲೆಗೆ ಹೋಗುವ ಮಕ್ಕಳು ಕಡಿಮೆ, ಹಿಂದಿನ ದೊಡ್ಡ ಪೀಳಿಗೆ ದುಡಿಯುವ ವಯಸ್ಸಿನಲ್ಲಿ, ವೃದ್ಧರು ಇನ್ನೂ ಕೆಲವರೇ. ತೆರಿಗೆ ಆದಾಯ ಹೆಚ್ಚುತ್ತದೆ, ಖರ್ಚು ತಗ್ಗುತ್ತದೆ. ಈ ಅವಧಿಯನ್ನು ಅರ್ಥಶಾಸ್ತ್ರಜ್ಞರು ಜನಸಂಖ್ಯಾ ಲಾಭಾಂಶ ಎನ್ನುತ್ತಾರೆ. ಅಪಾಯ ಇಲ್ಲಿಯೇ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಒಂದು ಪೀಳಿಗೆಯ ಕಾಲ ಮಾತ್ರ ಇರುವ ಈ ಅನುಕೂಲವನ್ನು ಶಾಶ್ವತವೆಂದು ಭಾವಿಸಿದ ಸರ್ಕಾರಗಳು, ಅದರ ಬಲದಲ್ಲಿ ಶಾಶ್ವತವಾದ ಭರವಸೆಗಳನ್ನು ಕಾನೂನಿನಲ್ಲಿ ಬರೆದುಬಿಡುತ್ತವೆ. ಪಿಂಚಣಿಯ ದರ, ನಿವೃತ್ತಿಯ ವಯಸ್ಸು, ಹಿರಿಯರಿಗೆ ಕೊಡುವ ತೆರಿಗೆ ವಿನಾಯಿತಿ ಇವೆಲ್ಲ ನಿಗದಿಯಾಗುವುದು ಲೆಕ್ಕ ಅತ್ಯಂತ ಹಗುರವಾಗಿ ಕಾಣುವ ಕಾಲದಲ್ಲಿ.

ಇದಕ್ಕೆ ಅಮೆರಿಕದ ಸಾಮಾಜಿಕ ಭದ್ರತಾ ಯೋಜನೆಯ ಮೊದಲ ಮಾಸಿಕ ಪಿಂಚಣಿಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. 1935ರಲ್ಲಿ ಕಾನೂನು ಬಂದು, 1937ರಿಂದ ಸಂಬಳದಲ್ಲಿ ವಂತಿಗೆಯ ಕಡಿತ ಆರಂಭವಾಯಿತು. ವರ್ಮಾಂಟ್ ರಾಜ್ಯದ ಇಡಾ ಮೇ ಫುಲ್ಲರ್ ಎಂಬ ಮಹಿಳೆ, ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು, ಮೂರು ವರ್ಷ ವಂತಿಗೆ ಕಟ್ಟಿ ನಿವೃತ್ತರಾದರು. ಅವರ ಸಂಬಳದಿಂದ ಕಡಿತವಾದದ್ದು ಒಟ್ಟು 24.75 ಡಾಲರ್. 1940ರ ಜನವರಿ 31ರ ದಿನಾಂಕದ ಮೊದಲ ಚೆಕ್ಕಿನ ಮೊತ್ತವೇ 22.54 ಡಾಲರ್. ಎಂದರೆ ಎರಡನೆಯ ಚೆಕ್ಕು ಕೈಸೇರುವ ಹೊತ್ತಿಗೆ ಅವರು ಕಟ್ಟಿದ್ದೆಲ್ಲ ಮರಳಿ ಬಂದಾಗಿತ್ತು. ಫುಲ್ಲರ್ ನೂರು ವರ್ಷ ಬದುಕಿ 1975ರಲ್ಲಿ ತೀರಿಕೊಂಡರು. ಒಟ್ಟು ಪಡೆದದ್ದು 22,888.92 ಡಾಲರ್. ಇದರಲ್ಲಿ ಅವರ ತಪ್ಪೇನೂ ಇಲ್ಲ, ಯೋಜನೆಯ ತಪ್ಪೂ ಇಲ್ಲ. ವೃದ್ಧಾಪ್ಯದಲ್ಲಿ ಬಡತನಕ್ಕೆ ಬೀಳುವವರನ್ನು ತಕ್ಷಣ ಮೇಲೆತ್ತುವುದೇ ಅದರ ಉದ್ದೇಶವಾಗಿತ್ತು. ಆದರೆ ಆ ಹಣ ಅವರದೇ ಉಳಿತಾಯದಿಂದ ಬಂದದ್ದಲ್ಲ, ಆಯಾ ವರ್ಷ ದುಡಿಯುತ್ತಿದ್ದವರ ಸಂಬಳದಿಂದ ಬಂದದ್ದು ಎಂಬುದನ್ನು ಈ ಲೆಕ್ಕ ಬಿಡಿಸಿ ತೋರಿಸುತ್ತದೆ. ಅಮೆರಿಕದಲ್ಲಿ 1960ರಲ್ಲಿ ಒಬ್ಬ ಫಲಾನುಭವಿಗೆ ವಂತಿಗೆ ಕಟ್ಟುವವರು ಸುಮಾರು ಐವರಿದ್ದರು. ಇಂದು ಮೂವರೂ ಇಲ್ಲ. (1940ರಲ್ಲಿ 159 ಮಂದಿ ಇದ್ದರು ಎಂಬ ಅಂಕಿಯನ್ನು ಕೆಲವರು ಉಲ್ಲೇಖಿಸಿ ಬೆದರಿಸುವುದುಂಟು. ಅದು ನ್ಯಾಯವಲ್ಲ. ಹೊಸ ಯೋಜನೆಯಲ್ಲಿ ಕಟ್ಟುವವರು ಮೊದಲ ದಿನದಿಂದಲೇ ಇರುತ್ತಾರೆ, ಪಡೆಯುವ ಅರ್ಹತೆ ಬರುವುದು ನಿಧಾನವಾಗಿ. ಆ ಇಳಿಕೆಯ ಬಹುಭಾಗಕ್ಕೂ ವಯಸ್ಸಿಗೂ ಸಂಬಂಧವಿಲ್ಲ.)

ಇಂದಿನವರ ವಂತಿಗೆಯಿಂದಲೇ ಇಂದಿನವರ ಪಿಂಚಣಿ ಕೊಡುವ ಈ ಪದ್ಧತಿಯ ಗಣಿತ ತೀರಾ ಸರಳ. ಪಿಂಚಣಿಯು ಸರಾಸರಿ ಸಂಬಳದ ಅರ್ಧದಷ್ಟು ಇರಲಿ, ಒಬ್ಬ ನಿವೃತ್ತರಿಗೆ ಐವರು ದುಡಿಯುವವರಿರಲಿ: ಪ್ರತಿಯೊಬ್ಬರ ಸಂಬಳದಲ್ಲಿ ಶೇ 10 ತೆಗೆದರೆ ಸಾಕು. ದುಡಿಯುವವರು ಎರಡೂವರೆಗೆ ಇಳಿದರೆ ಅದೇ ಪಿಂಚಣಿಗೆ ಶೇ 20 ಬೇಕು. ವಂತಿಗೆಯನ್ನು ಶೇ 10ರಲ್ಲೇ ಇಡುತ್ತೇವೆಂದರೆ ಪಿಂಚಣಿ ಸಂಬಳದ ಕಾಲು ಭಾಗಕ್ಕೆ ಇಳಿಯಬೇಕು. ಎರಡೂ ಬೇಡವೆಂದರೆ ನಿವೃತ್ತಿಯ ವಯಸ್ಸನ್ನು ಏರಿಸಿ ಅನುಪಾತವನ್ನೇ ಬದಲಿಸಬೇಕು. ಅದೂ ಆಗದೆಂದರೆ ಸಾಮಾನ್ಯ ತೆರಿಗೆಯಿಂದಲೋ ಸಾಲದಿಂದಲೋ ಅಂತರವನ್ನು ತುಂಬಬೇಕು. ಐದನೆಯ ದಾರಿಯಿಲ್ಲ. ಉತ್ಪಾದಕತೆ ಹೆಚ್ಚಿದರೆ ಸಂಬಳ ಹೆಚ್ಚುತ್ತದೆ, ಆಗ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ವಾದಿಸುತ್ತಾರೆ. ಪಿಂಚಣಿಯನ್ನು ಸಂಬಳದ ಏರಿಕೆಗೇ ಜೋಡಿಸಿದ್ದರೆ ಈ ವಾದ ನಿಲ್ಲುವುದಿಲ್ಲ, ಏಕೆಂದರೆ ಎರಡೂ ಒಟ್ಟಿಗೆ ಏರುತ್ತವೆ. ಬೆಲೆಯ ಏರಿಕೆಗೆ ಮಾತ್ರ ಜೋಡಿಸಿದ್ದರೆ ಬೊಕ್ಕಸಕ್ಕೆ ನಿಜಕ್ಕೂ ಉಳಿತಾಯವಾಗುತ್ತದೆ, ಆದರೆ ವೃದ್ಧರು ಉಳಿದ ಸಮಾಜಕ್ಕಿಂತ ವರ್ಷ ವರ್ಷ ಹಿಂದೆ ಬೀಳುತ್ತಾರೆ. ಬ್ರಿಟನ್ 2011ರಿಂದ ಅನುಸರಿಸುತ್ತಿರುವ ನಿಯಮ ಇನ್ನೂ ವಿಚಿತ್ರವಾದದ್ದು: ಬೆಲೆ ಏರಿಕೆ, ಸಂಬಳದ ಏರಿಕೆ ಅಥವಾ ಶೇ 2.5, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಪಿಂಚಣಿ ಏರಬೇಕು. ಒಳ್ಳೆಯ ವರ್ಷದಲ್ಲಿ ಸಂಬಳದ ಜೊತೆ ಏರುವ ಪಿಂಚಣಿ, ಕೆಟ್ಟ ವರ್ಷದಲ್ಲಿ ಸಂಬಳದ ಜೊತೆ ಇಳಿಯದು. ಹೀಗಾಗಿ ಅನಿಶ್ಚಿತತೆ ಹೆಚ್ಚಿದಷ್ಟೂ ಖರ್ಚು ಹೆಚ್ಚುತ್ತದೆ.

ನಿವೃತ್ತಿಯ ವಯಸ್ಸಿನ ಪ್ರಶ್ನೆಗೆ ಬರೋಣ. 1889ರಲ್ಲಿ ಬಿಸ್ಮಾರ್ಕ್ ಕಾಲದ ಜರ್ಮನಿಯಲ್ಲಿ ವೃದ್ಧಾಪ್ಯ ವಿಮೆಯ ಕಾನೂನು ಬಂದಾಗ ಪಿಂಚಣಿಯ ವಯಸ್ಸು 70 ಇತ್ತು. 65ಕ್ಕೆ ಇಳಿದದ್ದು 1916ರಲ್ಲಿ. ಅಂದಿನಿಂದ ಆಯುಷ್ಯ ದಶಕಗಳಷ್ಟು ಬೆಳೆದರೂ 65 ಎಂಬ ಗೆರೆ ಪ್ರಕೃತಿಯೇ ಎಳೆದದ್ದೆಂಬಂತೆ ಅನೇಕ ದೇಶಗಳಲ್ಲಿ ಉಳಿದುಕೊಂಡಿತು. ಈ ಗೆರೆಯನ್ನು ಸರಿಸುವುದು ರಾಜಕೀಯವಾಗಿ ಎಷ್ಟು ಕಷ್ಟವೋ ಹಣಕಾಸಿನ ದೃಷ್ಟಿಯಿಂದ ಅಷ್ಟು ಪರಿಣಾಮಕಾರಿ, ಏಕೆಂದರೆ ಒಬ್ಬ ವ್ಯಕ್ತಿ ಒಂದು ವರ್ಷ ಹೆಚ್ಚು ದುಡಿದರೆ ಒಂದು ವರ್ಷದ ಪಿಂಚಣಿ ಉಳಿಯುವುದರ ಜೊತೆಗೆ ಒಂದು ವರ್ಷದ ವರಮಾನ ತೆರಿಗೆಯೂ ವಂತಿಗೆಯೂ ಬರುತ್ತವೆ. ಅಮೆರಿಕ 1983ರಲ್ಲಿ ಕಾನೂನು ತಿದ್ದಿ, 1960 ಮತ್ತು ಅನಂತರ ಹುಟ್ಟಿದವರಿಗೆ ಪೂರ್ಣ ಪಿಂಚಣಿಯ ವಯಸ್ಸನ್ನು 67ಕ್ಕೆ ನಿಗದಿಪಡಿಸಿತು. ನಿರ್ಧಾರಕ್ಕೂ ಅದರ ಪೂರ್ಣ ಜಾರಿಗೂ ನಡುವೆ ನಾಲ್ಕು ದಶಕಗಳ ಅಂತರ ಇಟ್ಟದ್ದರಿಂದ ಬೀದಿಯಲ್ಲಿ ಗದ್ದಲವಾಗಲಿಲ್ಲ. ಡೆನ್ಮಾರ್ಕ್ ಈ ವಯಸ್ಸನ್ನು ಆಯುಷ್ಯಕ್ಕೇ ಜೋಡಿಸಿದೆ; 2040ಕ್ಕೆ 70 ಆಗಬೇಕೆಂದು ಅಲ್ಲಿನ ಸಂಸತ್ತು 2025ರಲ್ಲಿ ಒಪ್ಪಿಕೊಂಡಿತು. ಚೀನಾ 2025ರಿಂದ 15 ವರ್ಷಗಳ ಅವಧಿಯಲ್ಲಿ ಪುರುಷರ ನಿವೃತ್ತಿ ವಯಸ್ಸನ್ನು 60ರಿಂದ 63ಕ್ಕೆ ಏರಿಸುತ್ತಿದೆ. ಫ್ರಾನ್ಸಿನಲ್ಲಿ 2023ರಲ್ಲಿ 62ರಿಂದ 64ಕ್ಕೆ ಏರಿಸುವ ಕಾನೂನಿಗೆ ಲಕ್ಷಾಂತರ ಜನ ಬೀದಿಗಿಳಿದು ವಿರೋಧಿಸಿದರು.

ಆ ವಿರೋಧವನ್ನು ಸೋಮಾರಿತನವೆಂದು ತಳ್ಳಿಹಾಕುವವರ ಜೊತೆ ನಾನು ಇಲ್ಲ. ಕಚೇರಿಯಲ್ಲಿ ಕುಳಿತು ಕೆಲಸ ಮಾಡಿದವರಿಗೆ 67 ಒಂದು ಅಂಕಿ. ನಲವತ್ತು ವರ್ಷ ಹೊರೆ ಹೊತ್ತ ಮೈಗೆ ಅದು ಬೇರೆಯೇ ಲೆಕ್ಕ. ಕಡಿಮೆ ಆದಾಯದವರ ಆಯುಷ್ಯ ಹೆಚ್ಚು ಆದಾಯದವರಿಗಿಂತ ಕಡಿಮೆ ಎಂಬುದು ದೇಶ ದೇಶಗಳಲ್ಲಿ ದೃಢಪಟ್ಟಿರುವ ಸಂಗತಿ. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ವಯಸ್ಸು ಏರಿಸಿದಾಗ ಬಡವರು ಕಳೆದುಕೊಳ್ಳುವ ಪಾಲು ಹೆಚ್ಚು. ಇದರಲ್ಲಿ ಬೊಕ್ಕಸಕ್ಕೂ ಒಂದು ಪಾಠವಿದೆ: ಅರವತ್ತು ದಾಟಿದವರಿಗೆ ಕೆಲಸವೇ ಸಿಗದಿದ್ದರೆ ಪಿಂಚಣಿಯಲ್ಲಿ ಉಳಿದ ಹಣದ ಒಂದಂಶ ನಿರುದ್ಯೋಗ ಭತ್ಯೆಯಾಗಿಯೋ ಅಂಗವೈಕಲ್ಯದ ಸಹಾಯಧನವಾಗಿಯೋ ಇನ್ನೊಂದು ಬಾಗಿಲಿನಿಂದ ಹೊರಟುಹೋಗುತ್ತದೆ.

ಈಗ ತೆರಿಗೆಯ ಕಡೆಗೆ. ಒಬ್ಬ ವ್ಯಕ್ತಿ ನಿವೃತ್ತನಾದ ದಿನ ಬೊಕ್ಕಸದಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ಒಂದೊಂದಾಗಿ ಗಮನಿಸಿ. ಸಂಬಳ ನಿಂತಿತು, ಅದರ ಮೇಲಿನ ವಂತಿಗೆಯೂ ನಿಂತಿತು, ಉದ್ಯೋಗದಾತ ಕಟ್ಟುತ್ತಿದ್ದ ಭಾಗವೂ ನಿಂತಿತು. ಪಿಂಚಣಿ ಸಂಬಳಕ್ಕಿಂತ ಕಡಿಮೆಯಾದ್ದರಿಂದ ವರಮಾನ ತೆರಿಗೆಯ ಕೆಳಗಿನ ಹಂತಕ್ಕೆ ಇಳಿದರು. ಹಲವು ದೇಶಗಳಲ್ಲಿ ವಯಸ್ಸಿನ ಕಾರಣಕ್ಕೇ ಹೆಚ್ಚುವರಿ ವಿನಾಯಿತಿಯೂ ಸಿಗುತ್ತದೆ. ಬ್ರಿಟನ್ನಿನಲ್ಲಿ ಪಿಂಚಣಿಯ ವಯಸ್ಸು ದಾಟಿದ ನೌಕರರು ಕೆಲಸ ಮುಂದುವರಿಸಿದರೂ ರಾಷ್ಟ್ರೀಯ ವಿಮೆಯ ವಂತಿಗೆ ಕಟ್ಟಬೇಕಿಲ್ಲ: ಒಂದೇ ಮೇಜಿನ ಎದುರುಬದುರು ಕುಳಿತು, ಒಂದೇ ಕೆಲಸ ಮಾಡಿ, ಒಂದೇ ಸಂಬಳ ಪಡೆಯುವ 30ರ ಮತ್ತು 68ರ ಇಬ್ಬರು ನೌಕರರಲ್ಲಿ ಕಿರಿಯರ ಕೈಗೆ ಬರುವ ಹಣವೇ ಕಡಿಮೆ. ಜರ್ಮನಿಯಲ್ಲಿ ಪಿಂಚಣಿದಾರರು ಆರೋಗ್ಯ ವಿಮೆಗೆ ಪಿಂಚಣಿಯಿಂದಲೇ ವಂತಿಗೆ ಕಟ್ಟುತ್ತಾರೆ. ತೆರಿಗೆಯ ಗೆರೆಯನ್ನು ವಯಸ್ಸಿನ ಮೇಲೆ ಎಳೆಯಬೇಕೋ ಆದಾಯದ ಮೇಲೆ ಎಳೆಯಬೇಕೋ ಎಂಬುದು ಹೀಗೆ ಆಯ್ಕೆಯ ವಿಷಯ. ಹಿರಿಯರೆಲ್ಲ ಬಡವರಾಗಿದ್ದ ಕಾಲದಲ್ಲಿ ವಯಸ್ಸು ಬಡತನಕ್ಕೆ ಒಳ್ಳೆಯ ಗುರುತಾಗಿತ್ತು. ಆಸ್ತಿಯ ದೊಡ್ಡ ಪಾಲು ಹಿರಿಯ ಪೀಳಿಗೆಯಲ್ಲೇ ಇರುವ ಸಮಾಜದಲ್ಲಿ ಆ ಗುರುತು ಕೆಟ್ಟುಹೋಗಿದೆ. ಬಡ ವೃದ್ಧೆಗೂ ಸಿರಿವಂತ ವೃದ್ಧನಿಗೂ ಒಂದೇ ವಿನಾಯಿತಿ ಸಿಗುವಂತಾಗಿದೆ.

ಸಂಬಳದಿಂದ ಬರುವುದು ಕುಗ್ಗಿದಾಗ ಸರ್ಕಾರಗಳು ಮೊದಲು ನೋಡುವುದು ಬಳಕೆಯ ಮೇಲಿನ ತೆರಿಗೆಯತ್ತ, ಏಕೆಂದರೆ ದುಡಿಯಲಿ ಬಿಡಲಿ ಎಲ್ಲರೂ ಕೊಳ್ಳುತ್ತಾರೆ. ಇದನ್ನು ಅತ್ಯಂತ ಸ್ಪಷ್ಟವಾಗಿ ಪ್ರಯೋಗಿಸಿದ ದೇಶ ಜಪಾನ್. 1989ರಲ್ಲಿ ಶೇ 3ರ ಬಳಕೆ ತೆರಿಗೆ ಬಂತು. 1997ರಲ್ಲಿ ಶೇ 5, 2014ರಲ್ಲಿ ಶೇ 8, 2019ರ ಅಕ್ಟೋಬರಿನಲ್ಲಿ ಶೇ 10 ಆಯಿತು. ಕೊನೆಯ ಏರಿಕೆಯನ್ನು ಎರಡು ಬಾರಿ ಮುಂದೂಡಲಾಗಿತ್ತು. ಪ್ರತಿ ಏರಿಕೆಯ ಮುನ್ನ ಜನ ಅಂಗಡಿಗಳಿಗೆ ಮುಗಿಬಿದ್ದು ಕೊಂಡರು, ಅನಂತರ ಕೊಳ್ಳುವುದು ಕುಸಿಯಿತು. ಮೂವತ್ತು ವರ್ಷಗಳಲ್ಲಿ ಏಳು ಅಂಶ ಏರಿಸಲು ಇಷ್ಟು ಪಾಡುಪಟ್ಟ ದೇಶದಲ್ಲಿ 65 ದಾಟಿದವರ ಪಾಲು ಇಂದು ಶೇ 29ರಷ್ಟಿದೆ.

ಬಳಕೆ ತೆರಿಗೆಯ ಬಗ್ಗೆ ಮೂರು ಎಚ್ಚರಿಕೆಗಳನ್ನು ಹೇಳಬೇಕು. ಆದಾಯದ ಹೆಚ್ಚಿನ ಪಾಲನ್ನು ಖರ್ಚು ಮಾಡಲೇಬೇಕಾದ ಬಡವರ ಮೇಲೆ ಅದು ಹೆಚ್ಚು ಭಾರವಾಗುತ್ತದೆ. ಜಪಾನ್ 2019ರಲ್ಲಿ ಆಹಾರ ಪದಾರ್ಥಗಳಿಗೆ ಶೇ 8ರ ದರವನ್ನೇ ಉಳಿಸಿಕೊಂಡದ್ದು ಅದಕ್ಕಾಗಿ. ಎರಡನೆಯದಾಗಿ, ವಯಸ್ಸಾದಂತೆ ಮನುಷ್ಯನ ಖರ್ಚಿನ ಸ್ವರೂಪವೇ ಬದಲಾಗುತ್ತದೆ: ವಾಹನ, ಉಡುಪು, ಪ್ರಯಾಣ ಕಡಿಮೆಯಾಗಿ ಔಷಧಿ, ಚಿಕಿತ್ಸೆ, ಆರೈಕೆ ಹೆಚ್ಚುತ್ತವೆ. ಇವುಗಳಿಗೆ ಬಹುತೇಕ ದೇಶಗಳಲ್ಲಿ ತೆರಿಗೆ ವಿನಾಯಿತಿಯೋ ಕಡಿಮೆ ದರವೋ ಇರುವುದರಿಂದ, ದರವನ್ನು ಮುಟ್ಟದಿದ್ದರೂ ಸಮಾಜಕ್ಕೆ ವಯಸ್ಸಾದಂತೆ ಬಳಕೆ ತೆರಿಗೆಯ ಬುಡ ತಾನಾಗಿ ಸವೆಯುತ್ತದೆ. ಮೂರನೆಯದು ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿ. ತೆರಿಗೆ ಏರಿದಾಗ ಬೆಲೆಗಳು ಏರುತ್ತವೆ. ಪಿಂಚಣಿಯು ಬೆಲೆ ಸೂಚ್ಯಂಕಕ್ಕೆ ಜೋಡಣೆಯಾಗಿದ್ದರೆ ಮರುವರ್ಷ ಪಿಂಚಣಿಯೂ ಏರುತ್ತದೆ. ಹಿರಿಯರಿಂದ ಬಂದ ತೆರಿಗೆಯ ಒಂದು ಪಾಲು ಹೀಗೆ ಪಿಂಚಣಿಯ ರೂಪದಲ್ಲಿ ಅವರಿಗೇ ಮರಳುತ್ತದೆ, ಮತ್ತು ಎಲ್ಲ ಪೀಳಿಗೆಗಳೂ ಸಮನಾಗಿ ಹೊರುತ್ತವೆ ಎಂಬ ವಾದ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ, ಬೊಕ್ಕಸಕ್ಕೆ ಅನುಕೂಲವಾದ ಒಂದು ವ್ಯವಸ್ಥೆಯೂ ಇದೆ. ನಿವೃತ್ತಿ ನಿಧಿಗೆ ಹಾಕುವ ಹಣಕ್ಕೆ ದುಡಿಯುವಾಗ ತೆರಿಗೆ ವಿನಾಯಿತಿ ಕೊಟ್ಟು, ನಿವೃತ್ತಿಯ ನಂತರ ತೆಗೆಯುವಾಗ ತೆರಿಗೆ ಹಾಕುವ ಪದ್ಧತಿಯದು. ಇದನ್ನು ಇಂದಿನ ನಷ್ಟವೆಂದು ಬಜೆಟ್ಟಿನಲ್ಲಿ ತೋರಿಸುತ್ತಾರೆ. ವಾಸ್ತವದಲ್ಲಿ ಇದು ಮುಂದೂಡಿದ ತೆರಿಗೆ, ಮತ್ತು ಅದು ಕೈಸೇರುವುದು ವೃದ್ಧರು ಹೆಚ್ಚಾಗಿ ಹಣದ ಅಗತ್ಯ ತೀವ್ರವಾಗಿರುವ ದಶಕಗಳಲ್ಲೇ. ಜರ್ಮನಿ 2005ರಲ್ಲಿ ಇಂಥ ವ್ಯವಸ್ಥೆಯತ್ತ ಹೊರಳಲು ತೊಡಗಿತು. ಪಿಂಚಣಿಯಲ್ಲಿ ತೆರಿಗೆಗೆ ಒಳಪಡುವ ಭಾಗ ಅಂದಿನಿಂದ ಹೊಸ ಪಿಂಚಣಿದಾರರ ಪ್ರತಿ ತಂಡಕ್ಕೂ ಹೆಚ್ಚುತ್ತಾ ಬಂದಿದೆ. ಆದರೂ ಸಂಬಳದ ವಂತಿಗೆ ಸಾಲದೆ, ಅಲ್ಲಿನ ಕೇಂದ್ರ ಸರ್ಕಾರ ವರ್ಷಕ್ಕೆ 100 ಶತಕೋಟಿ ಯೂರೋಗಿಂತ ಹೆಚ್ಚು ಹಣವನ್ನು ಸಾಮಾನ್ಯ ಬಜೆಟ್ಟಿನಿಂದ ಪಿಂಚಣಿ ವಿಮೆಗೆ ವರ್ಗಾಯಿಸುತ್ತಿದೆ. ಆ ಹಣ ರೈಲ್ವೆಯಿಂದ, ಶಾಲೆಯಿಂದ, ಸೇತುವೆಯ ದುರಸ್ತಿಯಿಂದ ತೆಗೆದದ್ದು ಎಂದು ಯಾವ ಪುಟದಲ್ಲೂ ಬರೆದಿರುವುದಿಲ್ಲ.

ಆರೋಗ್ಯದ ವೆಚ್ಚದ ಬಗ್ಗೆ ಇರುವ ಭಯ ಸ್ವಲ್ಪ ಅತಿಯಾದದ್ದು ಎನ್ನಬೇಕು. ಒಬ್ಬ ವ್ಯಕ್ತಿಯ ಆಸ್ಪತ್ರೆ ವೆಚ್ಚದ ದೊಡ್ಡ ಭಾಗ ಬದುಕಿನ ಕೊನೆಯ ಒಂದೆರಡು ವರ್ಷಗಳಲ್ಲಿ ಸೇರಿಕೊಳ್ಳುತ್ತದೆ. ಆಯುಷ್ಯ ಹೆಚ್ಚಿದಾಗ ಆ ವೆಚ್ಚ ಬಹುಮಟ್ಟಿಗೆ ಮುಂದಕ್ಕೆ ಹೋಗುತ್ತದೆಯೇ ಹೊರತು ಪ್ರತಿ ವರ್ಷಕ್ಕೂ ಗುಣಿಸುತ್ತಾ ಬೆಳೆಯುವುದಿಲ್ಲ. ನಿಜವಾಗಿ ವಯಸ್ಸಿನ ಜೊತೆ ಬೆಳೆಯುವುದು ದೀರ್ಘಕಾಲದ ಆರೈಕೆಯ ವೆಚ್ಚ: ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮರೆವಿನ ಕಾಯಿಲೆಯವರ ಜೊತೆ ಹಗಲಿರುಳು ಇರುವುದು. ಇದಕ್ಕೆ ಯಂತ್ರಕ್ಕಿಂತ ಮನುಷ್ಯರ ಕೈಗಳೇ ಬೇಕು. ಆ ಕೈಗಳನ್ನು ಸರ್ಕಾರ ಒದಗಿಸದಿದ್ದರೆ ಮನೆಯವರು, ಹೆಚ್ಚಾಗಿ ಹೆಣ್ಣುಮಕ್ಕಳು, ಕೆಲಸ ಬಿಟ್ಟು ಒದಗಿಸುತ್ತಾರೆ; ಆಗ ಖರ್ಚಿನ ಪುಟದಲ್ಲಿ ಕಾಣದ ಮೊತ್ತ ಆದಾಯದ ಪುಟದಲ್ಲಿ ಬಾರದ ತೆರಿಗೆಯಾಗಿ ಕಾಣಿಸಿಕೊಳ್ಳುತ್ತದೆ. ಜಪಾನ್ 2000ದಲ್ಲಿ ಆರೈಕೆಗೆಂದೇ ಪ್ರತ್ಯೇಕ ವಿಮೆಯನ್ನು ತಂದು, 40 ದಾಟಿದ ಎಲ್ಲರಿಂದಲೂ, 65 ದಾಟಿದವರಿಂದಲೂ ಸೇರಿ, ವಂತಿಗೆ ಪಡೆಯುತ್ತಿದೆ. ವಯಸ್ಸಾದವರನ್ನೂ ಕಟ್ಟುವವರ ಸಾಲಿನಲ್ಲೇ ಉಳಿಸಿಕೊಂಡ ಈ ಕ್ರಮ ನನಗೆ ಬಹಳ ವಿವೇಕಯುತವಾಗಿ ಕಾಣುತ್ತದೆ.

ಸಾಲದ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ದೇಶದ ಸಾಲ ಜಿಡಿಪಿಯಷ್ಟೇ ಇದೆ, ಬಡ್ಡಿ ಶೇ 3, ಜಿಡಿಪಿಯ ಬೆಳವಣಿಗೆ ಶೇ 4 ಎಂದುಕೊಂಡರೆ, ಬಡ್ಡಿ ಬಿಟ್ಟು ಉಳಿದ ಲೆಕ್ಕ ಸರಿತೂಗಿದರೆ ಸಾಕು, ಸಾಲದ ಅನುಪಾತ ತಾನಾಗಿ ಇಳಿಯುತ್ತದೆ. ದುಡಿಯುವವರ ಸಂಖ್ಯೆ ಕುಗ್ಗಿ ಬೆಳವಣಿಗೆ ಶೇ 2ಕ್ಕೆ ಬಂದರೆ ಅದೇ ಬಜೆಟ್ಟಿನಲ್ಲಿ ಅನುಪಾತ ಏರತೊಡಗುತ್ತದೆ. ಜಪಾನಿನ ಸಾಲ ಜಿಡಿಪಿಯ ಶೇ 200ಕ್ಕಿಂತ ಹೆಚ್ಚಾದರೂ ಅದು ಇಷ್ಟು ಕಾಲ ನಿಭಾಯಿಸಿದ್ದಕ್ಕೆ ಬಡ್ಡಿ ದರ ಸೊನ್ನೆಯ ಆಸುಪಾಸಿನಲ್ಲಿದ್ದದ್ದು ದೊಡ್ಡ ಕಾರಣ. ಆ ಅನುಕೂಲ ಎಲ್ಲ ದೇಶಗಳಿಗೂ ಎಲ್ಲ ಕಾಲಕ್ಕೂ ಸಿಗುವಂಥದ್ದಲ್ಲ.

ವಲಸೆಯೂ, ಮಹಿಳೆಯರ ಉದ್ಯೋಗವೂ ತೆರಿಗೆಯ ಬುಡವನ್ನು ಅಗಲಗೊಳಿಸುತ್ತವೆ. ದುಡಿಯುವ ವಯಸ್ಸಿನಲ್ಲಿ ಬಂದವರ ಬಾಲ್ಯದ ಶಿಕ್ಷಣದ ಖರ್ಚನ್ನು ಬೇರೊಂದು ದೇಶ ಭರಿಸಿರುತ್ತದೆ. ಆದರೆ ವಲಸೆ ಬಂದವರಿಗೂ ವಯಸ್ಸಾಗುತ್ತದೆ, ಆದ್ದರಿಂದ ಇದು ಸಮಯ ಕೊಡುವ ಉಪಾಯವೇ ಹೊರತು ಅನುಪಾತವನ್ನು ಶಾಶ್ವತವಾಗಿ ತಿದ್ದುವಂಥದ್ದಲ್ಲ.

ಕೊನೆಯದಾಗಿ ಸ್ವೀಡನ್ನಿನ ಪ್ರಯೋಗ. 1990ರ ದಶಕದಲ್ಲಿ ಅಲ್ಲಿನ ಪಕ್ಷಗಳು ಸೇರಿ ಪಿಂಚಣಿ ವ್ಯವಸ್ಥೆಯನ್ನು ಬುಡದಿಂದ ತಿದ್ದಿದವು. ವಂತಿಗೆಯನ್ನು ಶೇ 18.5ಕ್ಕೆ ನಿಲ್ಲಿಸಿ, ಪ್ರತಿಯೊಬ್ಬರ ಖಾತೆಯಲ್ಲಿ ಅವರು ಕಟ್ಟಿದ್ದನ್ನು ಬರೆದಿಟ್ಟು, ಪಿಂಚಣಿಯನ್ನು ಆಯಾ ಪೀಳಿಗೆಯ ಆಯುಷ್ಯಕ್ಕೆ ತಕ್ಕಂತೆ ಭಾಗಿಸುವ ನಿಯಮ ತಂದವು. ವ್ಯವಸ್ಥೆಯ ಹೊಣೆ ಅದರ ಆಸ್ತಿಗಿಂತ ಹೆಚ್ಚಾದರೆ ಯಾವ ಸಚಿವರ ಅಪ್ಪಣೆಗೂ ಕಾಯದೆ ಪಿಂಚಣಿಯ ಏರಿಕೆಗೆ ತಡೆ ಬೀಳುವ ಏರ್ಪಾಡೂ ಅದರಲ್ಲಿತ್ತು. ರಾಜಕಾರಣವನ್ನು ಲೆಕ್ಕದಿಂದ ದೂರವಿಟ್ಟ ಮಾದರಿ ಎಂದು ಜಗತ್ತು ಇದನ್ನು ಕೊಂಡಾಡಿತು. 2008ರ ಆರ್ಥಿಕ ಕುಸಿತದ ನಂತರ ಆ ತಡೆ ಮೊದಲ ಬಾರಿಗೆ ಕೆಲಸ ಮಾಡಬೇಕಾಗಿ ಬಂತು. ಪಿಂಚಣಿಗಳು ಇಳಿಯಬೇಕಿದ್ದ 2010 ಚುನಾವಣೆಯ ವರ್ಷವಾಗಿತ್ತು. ಸಂಸತ್ತು ಇಳಿಕೆಯ ಪೆಟ್ಟು ಒಮ್ಮೆಗೇ ಬೀಳದಂತೆ, ಮೂರು ವರ್ಷಗಳ ಸರಾಸರಿಯನ್ನು ಲೆಕ್ಕಕ್ಕೆ ಹಿಡಿಯುವಂತೆ ನಿಯಮವನ್ನು ತಿದ್ದಿತು. ಪಿಂಚಣಿ ಇಳಿಯಿತು, ಆದರೆ ಅದೇ ವರ್ಷಗಳಲ್ಲಿ ಸರ್ಕಾರ ಪಿಂಚಣಿದಾರರ ವರಮಾನ ತೆರಿಗೆಯನ್ನೂ ತಗ್ಗಿಸಿತು. ಪಿಂಚಣಿಯ ಖಾತೆಯಲ್ಲಿ ಉಳಿದ ಹಣದ ಒಂದು ಭಾಗ ಸಾಮಾನ್ಯ ಬಜೆಟ್ಟಿನಲ್ಲಿ ತೆರಿಗೆಯ ಕೊರತೆಯಾಗಿ ದಾಖಲಾಯಿತು. ಪಿಂಚಣಿ ಖಾತೆಯನ್ನಷ್ಟೇ ಓದಿದವರಿಗೆ ತಡೆ ಅಂದುಕೊಂಡಂತೆಯೇ ಕೆಲಸ ಮಾಡಿದೆ ಎಂದು ಅನಿಸುತ್ತದೆ. ತೆರಿಗೆಯ ಲೆಕ್ಕವನ್ನೂ ಪಕ್ಕದಲ್ಲಿಟ್ಟು ಓದಿದರೆ ಹಿರಿಯರಿಗೆ ಬೀಳಬೇಕಿದ್ದ ಹೊರೆಯ ಎಷ್ಟು ಪಾಲು ದುಡಿಯುವವರ ಕಡೆಗೆ ಸರಿಯಿತೆಂಬುದೂ ಕಾಣುತ್ತದೆ.